ಗಾಜಿನ ಕಡಲಿಗೆ ಪಾಚಿ ಹಿಡಿದಾಗ

ಗಲ್ಫ್‌ನಿಂದ ರಜೆಯಲ್ಲಿ ಬಂದ ಯಜಮಾನರು ಮಕ್ಕಳ ಹಠಕ್ಕೆ ಮಣಿದು ಮನೆಗೊಂದು ಅಕ್ವೇರಿಯಂ ತಂದರು. ಅದೂ ಸಾಮಾನ್ಯ ಚಿನ್ನದ ಮೀನಿನದ್ದಲ್ಲ, ಉಪ್ಪು ನೀರಿನದ್ದು. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನಿಮೊ’ ಚಿತ್ರದಲ್ಲಿದ್ದಂತಹ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನೇ ಬೇಕೆಂದು ಮಕ್ಕಳು ಪಟ್ಟು ಹಿಡಿದಿದ್ದರು. ಹಜಾರದ ಮೂಲೆಯಲ್ಲಿ ನೀಲಿ ಬೆಳಕು, ಬಿಳಿ ಮರಳು, ಬಂದವರೆಲ್ಲ ಎರಡು ನಿಮಿಷ ನಿಂತು ನೋಡುವಂತಹ ಚೆಲುವು. ರಜೆ ಮುಗಿಯಿತು, ಯಜಮಾನರು ವಿಮಾನ ಹತ್ತಿದರು. ಮಕ್ಕಳಿಗೆ ಪರೀಕ್ಷೆ ಬಂತು. ಎರಡು ತಿಂಗಳಾಗುವಷ್ಟರಲ್ಲಿ ಗಾಜು ಮಸುಕಾಯಿತು, ಮರಳು ಕಂದಾಯಿತು, ಕಲ್ಲುಗಳ ಮೇಲೆ ಹಸಿರು ಕೂದಲು ಬೆಳೆಯಿತು. ಈಗ ಆ ತೊಟ್ಟಿಯ ಹೊಣೆ ಯಾರದ್ದು? ನಿಮ್ಮದೇ ಅಲ್ಲವೇ?

ನೀವು ಅಂಗಡಿಗೆ ಫೋನ್ ಮಾಡುತ್ತೀರಿ. “ಪಾಚಿ ಕೊಲ್ಲುವ ಔಷಧಿ ಇದೆ, ಒಂದು ಬಾಟಲಿ ಕಳಿಸುತ್ತೇವೆ” ಎಂಬ ಉತ್ತರ ಬರುತ್ತದೆ. ಸಹೋದರಿ, ಆ ಬಾಟಲಿಯ ಮುಚ್ಚಳ ತೆರೆಯುವ ಮುನ್ನ ಸ್ವಲ್ಪ ತಾಳಿ. ಪಾಚಿ ರೋಗವಲ್ಲ, ರೋಗದ ಲಕ್ಷಣ. ಜ್ವರ ಬಂದ ಮಗುವಿನ ಹಣೆಗೆ ತಣ್ಣೀರು ಪಟ್ಟಿ ಹಾಕಿದ ಮಾತ್ರಕ್ಕೆ ಒಳಗಿನ ಸೋಂಕು ಹೋಗುತ್ತದೆಯೇ? ಇಲ್ಲೂ ಹಾಗೆಯೇ. ಔಷಧಿಯಿಂದ ರಾಶಿ ರಾಶಿಯಾಗಿ ಸತ್ತ ಪಾಚಿ ನೀರಿನಲ್ಲೇ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ. ತಾಮ್ರದ ಅಂಶವಿರುವ ಔಷಧಿಯಾದರೆ ತೊಟ್ಟಿಯಲ್ಲಿರುವ ಬಸವನ ಹುಳು, ಸಿಗಡಿಗಳೂ ಸಾಯುತ್ತವೆ. ಪಾಚಿಗೆ ಆಹಾರವಾಗಿದ್ದ ಕೊಳೆ ಮಾತ್ರ ನೀರಿನಲ್ಲೇ ಉಳಿದು, ಕೆಲವೇ ವಾರಗಳಲ್ಲಿ ಮತ್ತೆ ಪಾಚಿಯಾಗಿ ಮೇಲೇಳುತ್ತದೆ.

ಕೊಳೆ ಎಲ್ಲಿಂದ ಬಂತು?

ತೊಟ್ಟಿ ನಾಲ್ಕೂ ಕಡೆ ಮುಚ್ಚಿದ ಕಡಲು. ನಾವು ಹಾಕಿದ್ದೆಲ್ಲ ಅದರೊಳಗೇ ಉಳಿಯುತ್ತದೆ. ಮೀನು ತಿಂದ ಆಹಾರ ಮಲವಾಗುತ್ತದೆ, ತಿನ್ನದೆ ಬಿಟ್ಟದ್ದು ಕಲ್ಲಿನ ಸಂದಿಯಲ್ಲಿ ಕೊಳೆಯುತ್ತದೆ. ಮೀನಿನ ಕಿವಿರುಗಳಿಂದಲೂ ಈ ಕೊಳೆತದಿಂದಲೂ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ಕಡು ವಿಷ.

ಆದರೆ ಅಲ್ಲಾಹನ ಸೃಷ್ಟಿಯ ವ್ಯವಸ್ಥೆ ನೋಡಿ. ಕಣ್ಣಿಗೆ ಕಾಣದ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಅಷ್ಟೊಂದು ಅಪಾಯಕಾರಿಯಲ್ಲ. ಈ ಸೇವಕರು ಕಲ್ಲಿನ ರಂಧ್ರಗಳಲ್ಲಿ, ಮರಳಿನಲ್ಲಿ, ಫಿಲ್ಟರ್‌ನ ಸ್ಪಂಜಿನಲ್ಲಿ ಮನೆ ಮಾಡಿಕೊಳ್ಳಲು 4ರಿಂದ 6 ವಾರ ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಮೀನು ಬಿಡಬಾರದು ಎನ್ನುವುದು ಇದಕ್ಕಾಗಿಯೇ.

ಗದ್ದೆಗೆ ಗೊಬ್ಬರ ಹೇಗೋ ಪಾಚಿಗೆ ನೈಟ್ರೇಟ್ ಹಾಗೆ. ಆಹಾರದಿಂದ ಬರುವ ಫಾಸ್ಫೇಟ್ ಎರಡನೆಯ ಗೊಬ್ಬರ. ಗೊಬ್ಬರ, ನೀರು, ಬೆಳಕು ಮೂರೂ ಧಾರಾಳವಾಗಿದ್ದರೆ ಕಳೆ ಬೆಳೆಯದೆ ಇರುತ್ತದೆಯೇ? ನೆಲದಲ್ಲೂ ಕಡಲಲ್ಲೂ ತಲೆದೋರುವ ಕೆಡುಕಿನ ಮೂಲವನ್ನು ಮನುಷ್ಯನ ಕೈಗಳ ಗಳಿಕೆಯಲ್ಲಿ ಹುಡುಕಬೇಕೆಂದು ಕುರ್‌ಆನಿನ ಅರ್ರೂಮ್ ಅಧ್ಯಾಯ ಎಚ್ಚರಿಸುತ್ತದೆ. ನಮ್ಮ ಹಜಾರದ ಈ ಪುಟ್ಟ ಕಡಲಿನಲ್ಲಿ ಆ ಮಾತು ಎಷ್ಟು ನಿಜವೆಂಬುದು ಕಣ್ಣೆದುರಿಗೇ ಕಾಣುತ್ತದೆ.

ಬಣ್ಣ ನೋಡಿ ಗುರುತಿಸಿ

ಎಲ್ಲ ಪಾಚಿಯೂ ಒಂದೇ ಅಲ್ಲ. ಯಾವುದೆಂದು ತಿಳಿದರೆ ಅರ್ಧ ಚಿಂತೆ ದೂರವಾಗುತ್ತದೆ.

ಕಂದು ಪುಡಿ: ಹೊಸ ತೊಟ್ಟಿಯ ಮರಳು, ಗಾಜಿನ ಮೇಲೆ ಕಾಫಿ ಪುಡಿ ಉದುರಿಸಿದಂತೆ ಕಾಣುತ್ತದೆ. ಇದು ಡಯಾಟಂ. ನೀರಿನಲ್ಲಿರುವ ಸಿಲಿಕೇಟನ್ನು ಬಳಸಿಕೊಂಡು ಬೆಳೆಯುತ್ತದೆ. ಬಹುತೇಕ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಗಾಬರಿ ಬೇಡ.

ಗಾಜಿನ ಮೇಲಿನ ತೆಳು ಹಸಿರು: ಆರೋಗ್ಯವಂತ ತೊಟ್ಟಿಯಲ್ಲೂ ಇದು ಇರುತ್ತದೆ. ಎರಡು ಮೂರು ದಿನಗಳಿಗೊಮ್ಮೆ ಒರೆಸಿದರೆ ಸಾಕು.

ಹಸಿರು ಕೂದಲು: ಕಲ್ಲಿಗೆ ಅಂಟಿಕೊಂಡು ಎಳೆ ಎಳೆಯಾಗಿ ತೇಲುತ್ತದೆ. ನೈಟ್ರೇಟ್, ಫಾಸ್ಫೇಟ್ ಹೆಚ್ಚಾಗಿದೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ನಿಜವಾದ ಕೆಲಸವಿರುವುದು ಇಲ್ಲಿ.

ಕೆಂಪು ಲೋಳೆ: ಮರಳಿನ ಮೇಲೆ ಕಡುಗೆಂಪು ಬಟ್ಟೆ ಹಾಸಿದಂತೆ ಹರಡಿ, ಮೇಲೆ ಗುಳ್ಳೆಗಳಿರುತ್ತವೆ. ಇದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ನೀರಿನ ಓಟ ಕಡಿಮೆಯಿರುವ, ಕೊಳೆ ತಂಗುವ ಮೂಲೆಯಲ್ಲಿ ಹೆಚ್ಚು. ಕೊಳವೆಯಿಂದ ಎಳೆದು ತೆಗೆಯಿರಿ, ಆ ಮೂಲೆಗೆ ನೀರು ತಳ್ಳುವ ಪಂಪಿನ ಮುಖ ತಿರುಗಿಸಿ.

ಉಮ್ರಾಕ್ಕೆ ಹೋದಾಗ ಜಿದ್ದಾದಲ್ಲಿ ಕೆಂಪು ಸಮುದ್ರವನ್ನು ಕಂಡವರು ನೀವಾಗಿರಬಹುದು. ಆ ನೀಲಿ ನೀರಿಗೆ ‘ಕೆಂಪು’ ಎಂಬ ಹೆಸರು ಬಂದದ್ದು ಇದೇ ಕುಲದ ಒಂದು ಜೀವಿ ಕೆಲವೊಮ್ಮೆ ನೀರನ್ನು ಕೆಂಗಂದು ಮಾಡುವುದರಿಂದ ಎಂಬ ಅಭಿಪ್ರಾಯವಿದೆ. ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧದಷ್ಟನ್ನು ಕೊಡುವುದು ಕಡಲಿನ ಈ ಸೂಕ್ಷ್ಮ ಪಾಚಿ ಮತ್ತು ಬ್ಯಾಕ್ಟೀರಿಯಾಗಳೇ. ಸೃಷ್ಟಿಯಲ್ಲಿ ಯಾವುದೂ ವ್ಯರ್ಥವಲ್ಲ. ಪಾಚಿ ನಮ್ಮ ಶತ್ರುವಲ್ಲ, ಅಳತೆ ಮೀರಿದ್ದೇ ತೊಂದರೆ.

ಮೊದಲ ಮದ್ದು: ಕೈ ಬಿಗಿ ಹಿಡಿಯುವುದು

ಹೆಚ್ಚಿನ ಮನೆಗಳಲ್ಲಿ ಪಾಚಿ ಬರುವುದು ಪ್ರೀತಿಯಿಂದ. ಬೆಳಿಗ್ಗೆ ಮಗಳು ಒಂದು ಚಿಟಿಕೆ ಹಾಕುತ್ತಾಳೆ. ಶಾಲೆಯಿಂದ ಬಂದ ಮಗ ಇನ್ನೊಂದು. ಮಧ್ಯಾಹ್ನ ಅಜ್ಜಿಗೆ ‘ಪಾಪ, ಹಸಿದಿರಬಹುದು’ ಎನಿಸುತ್ತದೆ. ಮೀನು ನಿಮ್ಮನ್ನು ಕಂಡಾಗಲೆಲ್ಲ ಗಾಜಿನ ಬಳಿ ಓಡಿ ಬರುತ್ತದೆ ನಿಜ. ಅದು ಅಭ್ಯಾಸವೇ ಹೊರತು ಯಾವಾಗಲೂ ಹಸಿವಲ್ಲ.

ದಿನಕ್ಕೆ ಒಂದು ಅಥವಾ ಎರಡು ಬಾರಿ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಮನೆಯಲ್ಲಿ ಒಬ್ಬರಿಗೇ ಆ ಕೆಲಸ ಒಪ್ಪಿಸಿ. ಆಹಾರದ ಡಬ್ಬಿಯನ್ನು ಮಕ್ಕಳ ಕೈಗೆಟಕದ ಕಪಾಟಿನಲ್ಲಿಡಿ. ಫ್ರೀಜರಿನಲ್ಲಿಟ್ಟ ಆಹಾರವಾದರೆ ಕರಗಿಸಿ, ಚಹಾ ಸೋಸುವ ಜಾಲರಿಯಲ್ಲಿ ತೊಳೆದು ಹಾಕಿ. ಆ ಕರಗಿದ ನೀರಿನಲ್ಲೇ ಸಾಕಷ್ಟು ಫಾಸ್ಫೇಟ್ ಇರುತ್ತದೆ. ಇದಿಷ್ಟನ್ನು ಮಾಡಿದರೆ ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಚಿಕಿತ್ಸೆ ಮುಗಿದಂತೆ.

ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದ ವಿಷಯವನ್ನು ಪ್ರವಾದಿ(ಸ)ರು ತಿಳಿಸಿರುವುದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ನಾವು ಕೂಡಿಹಾಕಿದ ಜೀವಿಗೆ ನಾವೇ ಹೊಣೆ ಎಂಬುದು ಅದರ ಪಾಠ. ಉಣಿಸದಿರುವುದು ಹೇಗೆ ಅನ್ಯಾಯವೋ, ಅತಿಯಾಗಿ ಉಣಿಸಿ ಅದು ಉಸಿರಾಡುವ ನೀರನ್ನೇ ಕೆಡಿಸುವುದೂ ಅನ್ಯಾಯವೇ.

ಎರಡನೆಯದು: ಯಾವ ನೀರು?

ಅಡುಗೆಯ ಅಯೋಡಿನ್ ಉಪ್ಪು ಇದಕ್ಕೆ ಆಗದು. ಅಕ್ವೇರಿಯಂಗೆಂದೇ ಸಿಗುವ ಕಡಲ ಉಪ್ಪಿನ ಮಿಶ್ರಣ ಬೇಕು. ಸಾಮಾನ್ಯ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. 10 ಲೀಟರ್ ನೀರಿಗೆ 350ರಿಂದ 400 ಗ್ರಾಂ ಮಿಶ್ರಣ ಬೇಕಾಗಬಹುದು. ಕೊನೆಯ ಮಾತು ಮಾತ್ರ ಹೈಡ್ರೋಮೀಟರಿನದ್ದು, ಅದು 1.024ರಿಂದ 1.026ರ ನಡುವೆ ತೋರಿಸಬೇಕು. ಉಪ್ಪನ್ನು ನೇರ ತೊಟ್ಟಿಗೆ ಸುರಿಯಬೇಡಿ. ಬೇರೆ ಬಕೆಟಿನಲ್ಲಿ ಹಿಂದಿನ ರಾತ್ರಿಯೇ ಕಲಸಿ, ಸಣ್ಣ ಪಂಪು ಓಡಿಸಿಡಿ.

ಕೊಳವೆ ಬಾವಿಯ ನೀರಿನಲ್ಲಿ ನೈಟ್ರೇಟ್, ಸಿಲಿಕೇಟ್ ಮೊದಲೇ ಇರುವುದುಂಟು. ಆ ನೀರು ಬಳಸಿದರೆ ನಾವೇ ಗೊಬ್ಬರ ಸುರಿದಂತೆ. ಆರ್‌ಒ ನೀರು ಉತ್ತಮ. ಆದರೆ ಕುಡಿಯುವ ನೀರಿನ ಆರ್‌ಒ ಯಂತ್ರಗಳು ರುಚಿಗಾಗಿ ಸ್ವಲ್ಪ ಖನಿಜಾಂಶ ಉಳಿಸುವುದು ಅಥವಾ ಸೇರಿಸುವುದು ಸಾಮಾನ್ಯ. ಟಿಡಿಎಸ್ ಅಳೆಯುವ ಪುಟ್ಟ ಮೀಟರಿನಿಂದ ನೋಡಿ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಯಂತ್ರ ಹೊರಬಿಡುವ ನೀರನ್ನು ಚರಂಡಿಗೆ ಬಿಡದೆ ಬಕೆಟಿನಲ್ಲಿ ಹಿಡಿದು ನೆಲ ಒರೆಸಲು ಬಳಸಿ. ನೀರಿನ ದುಂದು ನಮಗೆ ಸಲ್ಲದು.

‘ಕಡಲು ಪಕ್ಕದಲ್ಲೇ ಇದೆ, ಅಲ್ಲಿಂದಲೇ ತಂದರೆ?’ ಎಂದು ಕರಾವಳಿಯ ಸಹೋದರಿಯರು ಕೇಳಬಹುದು. ಮಂಗಳೂರಿನ ಅಳಿವೆಯ ಬಳಿ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುತ್ತವೆ. ಮಳೆಗಾಲದಲ್ಲಿ ಅಲ್ಲಿ ಸಿಹಿನೀರು, ಕೆಸರು, ಗದ್ದೆ ತೋಟಗಳ ಗೊಬ್ಬರ ಎಲ್ಲವೂ ಬೆರೆತಿರುತ್ತವೆ. ಬಂದರಿನ ಸಮೀಪ ಎಣ್ಣೆಯ ಭಯ. ಹೊಸಬರಿಗೆ ಪ್ಯಾಕೆಟಿನ ಉಪ್ಪೇ ಕ್ಷೇಮ.

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ನಡೆಯುತ್ತದೆ. ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಉಪ್ಪು ನೀರನ್ನೇ ತುಂಬುತ್ತಾರೆ. ಒಲೆಯ ಮೇಲೆ ಸಾರು ಬತ್ತಿದರೆ ಉಪ್ಪು ಮುಂದಾಗುವುದು ನಿಮಗೆ ಗೊತ್ತೇ ಇದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. 100 ಲೀಟರಿನಲ್ಲಿ 10 ಲೀಟರ್ ಆವಿಯಾದರೆ ಲೀಟರಿಗೆ 35 ಗ್ರಾಂ ಇದ್ದದ್ದು ಸುಮಾರು 39 ಆಗುತ್ತದೆ. ಆದ್ದರಿಂದ ಆವಿಯಾದ ನೀರಿನ ಬದಲಿಗೆ ಉಪ್ಪಿಲ್ಲದ ಆರ್‌ಒ ನೀರನ್ನೇ, ದಿನವೂ ಸ್ವಲ್ಪ ಸ್ವಲ್ಪ ಸೇರಿಸಿ.

ಮೂರನೆಯದು: ಫಿಲ್ಟರ್ ಎಂದರೇನು?

ಫಿಲ್ಟರ್ ಎಂದರೆ ಒಂದು ಯಂತ್ರ ಎಂದಷ್ಟೇ ನಾವು ತಿಳಿದಿದ್ದೇವೆ. ನಿಜವಾಗಿ ಅದು ಮೂರು ಕೆಲಸಗಳ ಹೆಸರು.

ಮೊದಲನೆಯದು ಸೋಸುವುದು. ಸ್ಪಂಜು ಅಥವಾ ಬಿಳಿ ಫಿಲ್ಟರ್ ಹತ್ತಿ ಕಸವನ್ನು ಹಿಡಿದಿಡುತ್ತದೆ. ಹಿಡಿದ ಕಸ ಅಲ್ಲೇ ಉಳಿದರೆ ಕೊಳೆತು ನೈಟ್ರೇಟ್ ಆಗುತ್ತದೆ. ಅಡುಗೆಮನೆಯ ಸಿಂಕಿನ ಜಾಲರಿಯಲ್ಲಿ ಅನ್ನದ ಅಗುಳು ವಾರಗಟ್ಟಲೆ ಇದ್ದರೆ ಏನಾದೀತು? ಹತ್ತಿಯನ್ನು ವಾರಕ್ಕೊಮ್ಮೆಯಾದರೂ ಬದಲಿಸಿ.

ಎರಡನೆಯದು ಬ್ಯಾಕ್ಟೀರಿಯಾಗಳ ಕೆಲಸ. ರಂಧ್ರವುಳ್ಳ ಕಲ್ಲು, ಸೆರಾಮಿಕ್ ತುಂಡುಗಳು ಅವುಗಳ ಮನೆ. ಇವನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯಬೇಡಿ. ಕ್ಲೋರಿನ್ ಆ ಜೀವಿಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಅಲ್ಲಾಡಿಸಿದರೆ ಸಾಕು. ಈ ಜೀವಿಗಳಿಗೂ ಆಮ್ಲಜನಕ ಬೇಕು. ನಮ್ಮೂರುಗಳಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಮುಚ್ಚಿದ ಡಬ್ಬಿಯಂತಹ ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಒಳಗೆ ಅವು ಸತ್ತು ನೀರು ನಾರುತ್ತದೆ. ಅದನ್ನು ತೊಳೆದೇ ಮತ್ತೆ ಓಡಿಸಿ. ಬ್ಯಾಟರಿಯ ಏರ್ ಪಂಪ್ ಒಂದನ್ನು ಮನೆಯಲ್ಲಿಟ್ಟಿರಿ.

ಮೂರನೆಯದು ನೀರಿನಲ್ಲಿ ಕರಗಿದ ಕೊಳೆ ತೆಗೆಯುವುದು. ಇದಕ್ಕಿರುವುದು ಪ್ರೋಟೀನ್ ಸ್ಕಿಮ್ಮರ್. ಅಲೆ ಅಪ್ಪಳಿಸುವ ದಿನ ಕಡಲ ತೀರದಲ್ಲಿ ಕಂದು ನೊರೆ ಕಂಡಿದ್ದೀರಲ್ಲವೇ? ಕಡಲು ತನ್ನ ಕೊಳೆಯನ್ನು ಹಾಗೆ ಹೊರದೂಡುತ್ತದೆ. ಸ್ಕಿಮ್ಮರ್ ಕೂಡ ಅಷ್ಟೇ ಮಾಡುತ್ತದೆ. ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿ, ನೊರೆಯಾಗಿ ಮೇಲೇರಿ, ಬಟ್ಟಲಿಗೆ ಬೀಳುತ್ತದೆ. ಕೊಳೆತು ನೈಟ್ರೇಟ್ ಆಗುವ ಮೊದಲೇ ಕಸ ಹೊರಗೆ! ವಾರಕ್ಕೆರಡು ಬಾರಿ ಬಟ್ಟಲನ್ನೂ ಅದರ ಕುತ್ತಿಗೆಯನ್ನೂ ತೊಳೆಯಿರಿ. ಜಿಡ್ಡು ಹಿಡಿದರೆ ನೊರೆ ಏಳದು. ಫಾಸ್ಫೇಟ್ ಬಹಳವಿದ್ದರೆ ಅದನ್ನು ಹೀರುವ, ಕಬ್ಬಿಣದ ಅಂಶದ ಕಂದು ಹರಳುಗಳೂ ಸಿಗುತ್ತವೆ.

ಪಾಚಿಯನ್ನೇ ಫಿಲ್ಟರ್ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ, ನೀರು ಹರಿಯುವ ಜಾಲರಿಯ ಮೇಲೆ ಬೆಳಕು ಬಿಟ್ಟು ಬೇಕೆಂದೇ ಪಾಚಿ ಬೆಳೆಸಿ, ಆಗಾಗ ಕೆರೆದು ತೆಗೆಯುವ ವಿಧಾನವನ್ನು ರೂಪಿಸಿದರು. ಗೊಬ್ಬರವನ್ನೆಲ್ಲ ಅಲ್ಲಿನ ಪಾಚಿ ಹೀರಿಕೊಂಡರೆ ಮೀನಿನ ತೊಟ್ಟಿಯಲ್ಲಿ ಪಾಚಿಗೆ ಉಳಿಯುವುದು ಕಡಿಮೆ. ಮುಖ್ಯ ತೊಟ್ಟಿಯ ಕೆಳಗೆ ಎರಡನೆಯ ಪುಟ್ಟ ತೊಟ್ಟಿಯಿರುವವರು ಇದನ್ನು ಪ್ರಯತ್ನಿಸಬಹುದು.

ನಾಲ್ಕನೆಯದು: ಬೆಳಕಿಗೊಂದು ಸಮಯ

ನೆಂಟರು ಬಂದರೆಂದು ರಾತ್ರಿ ಹನ್ನೊಂದರವರೆಗೆ ಲೈಟು ಉರಿಸುವುದು ಬೇಡ. ದಿನಕ್ಕೆ 8 ಗಂಟೆ ಸಾಕು. ಕಡಿಮೆ ಬೆಲೆಯ ಟೈಮರ್ ಹಾಕಿಸಿದರೆ ಮರೆವಿನ ತೊಂದರೆಯಿಲ್ಲ. ಕಿಟಕಿಯ ಬಿಸಿಲು ನೇರ ಬೀಳುವ ಜಾಗದಿಂದ ತೊಟ್ಟಿಯನ್ನು ದೂರವಿಡಿ. ಬಿಸಿಲು ಪಾಚಿಯನ್ನೂ ಬೆಳೆಸುತ್ತದೆ, ನೀರನ್ನೂ ಕಾಯಿಸುತ್ತದೆ. ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಬೇಸಿಗೆಯಲ್ಲಿ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ತಂಪಾಗುತ್ತದೆ, ಆದರೆ ನೀರು ಬೇಗ ಆವಿಯಾಗುವುದರಿಂದ ದಿನಾ ತುಂಬಿಸಲು ಮರೆಯಬಾರದು.

ನಿಮ್ಮ ವಾರದ ಪಟ್ಟಿ

ಮನೆಗೆಲಸದ ನಡುವೆ ಇದಕ್ಕೆಷ್ಟು ಹೊತ್ತು ಎಂದು ಭಯ ಬೇಡ. ವಾರಕ್ಕೆ ಒಂದು ಗಂಟೆ ಸಾಕು. 100 ಲೀಟರಿನ ತೊಟ್ಟಿಗೆ ಹೀಗೆ ಮಾಡಿ:

* ಕೆಲಸಕ್ಕೆ ಮುನ್ನ ಎಲ್ಲ ಸ್ವಿಚ್ಚು ಆರಿಸಿ. ಉಪ್ಪು ನೀರು, ಕರೆಂಟು ಎರಡೂ ಒಟ್ಟಿಗಿರುವ ಜಾಗವಿದು. ಕೈಯಲ್ಲಿ ಸಾಬೂನು, ಕ್ರೀಮಿನ ಅಂಶವಿರದಂತೆ ತೊಳೆದುಕೊಳ್ಳಿ.

* ಗಾಜನ್ನು ಅಯಸ್ಕಾಂತದ ಒರೆಸುವ ಸಾಧನದಿಂದ ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಿರಿ. ಪಾತ್ರೆ ತೊಳೆಯುವ ನಾರು ಬೇಡ.

* ಹಸಿರು ಕೂದಲನ್ನು ಕೈಯಿಂದಲೇ ಕಿತ್ತು ಹೊರಗೆ ಹಾಕಿ. ಕಿತ್ತ ಪ್ರತಿ ಹಿಡಿಯ ಜೊತೆ ಅಷ್ಟು ಗೊಬ್ಬರವೂ ಹೊರಹೋಗುತ್ತದೆ.

* ಕೊಳವೆಯಿಂದ ತಳದ ಕೊಳೆಯ ಸಮೇತ 10 ಲೀಟರ್ ನೀರು ಎಳೆದು, ಹಿಂದಿನ ರಾತ್ರಿ ಕಲಸಿಟ್ಟ 10 ಲೀಟರ್ ಉಪ್ಪು ನೀರು ತುಂಬಿ.

* ಹತ್ತಿ ಬದಲಿಸಿ, ಸ್ಕಿಮ್ಮರ್ ಬಟ್ಟಲು ತೊಳೆಯಿರಿ.

* ಪರೀಕ್ಷಾ ಕಿಟ್‌ನಲ್ಲಿ ನೋಡಿ. ಅಮೋನಿಯಾ, ನೈಟ್ರೈಟ್ ಸೊನ್ನೆಯಿರಬೇಕು. ಲೀಟರಿಗೆ ನೈಟ್ರೇಟ್ 20 ಮಿಲಿಗ್ರಾಂ, ಫಾಸ್ಫೇಟ್ 0.1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು. ಪಾಚಿ ತುಂಬಿರುವಾಗ ಇವು ಕಡಿಮೆ ತೋರಿಸಿದರೆ ಮೋಸಹೋಗಬೇಡಿ. ನೀರಿನಲ್ಲಿದ್ದುದನ್ನು ಪಾಚಿ ಆಗಲೇ ತಿಂದಿರುತ್ತದೆ.

ಟರ್ಬೊ, ಟ್ರೋಕಸ್ ಜಾತಿಯ ಕೆಲವು ಬಸವನ ಹುಳುಗಳಿದ್ದರೆ ಅವು ರಾತ್ರಿ ಹಗಲು ಪಾಚಿ ಮೇಯುತ್ತವೆ. ಎಲ್ಲವನ್ನೂ ಅವುಗಳ ಮೇಲೆ ಹೊರಿಸಬೇಡಿ, ಅವೂ ತಿಂದು ಮಲ ವಿಸರ್ಜಿಸುವ ಜೀವಿಗಳೇ. ಸೊಳ್ಳೆಗೆ ಸಿಂಪಡಿಸುವ ಸ್ಪ್ರೇಯನ್ನು ಮಾತ್ರ ಆ ಕೋಣೆಯಲ್ಲಿ ಬಳಸಲೇಬೇಡಿ. ಅದು ಮೀನು, ಸಿಗಡಿಗಳಿಗೆ ಮಾರಕ.

ಇಷ್ಟೆಲ್ಲ ಮಾಡಿದ ಮೇಲೂ ಮರುದಿನವೇ ತೊಟ್ಟಿ ಹೊಳೆಯುವುದಿಲ್ಲ. ಬೇರೂರಿದ ಹಸಿರು ಕೂದಲು ಹೋಗಲು ಎರಡು ಮೂರು ತಿಂಗಳು ಹಿಡಿಯಬಹುದು. ಇಲ್ಲಿ ಬೇಕಾದದ್ದು ಸಬ್ರ್. ಮಧ್ಯದಲ್ಲಿ ಬೇಸತ್ತು ತೊಟ್ಟಿಯನ್ನೆಲ್ಲ ಖಾಲಿ ಮಾಡಿ ತೊಳೆದುಬಿಟ್ಟರೆ ಬ್ಯಾಕ್ಟೀರಿಯಾಗಳ ಸಂಸಾರವೂ ಹಾಳಾಗಿ, ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇನ್ನೂ ಕೊಂಡಿಲ್ಲದವರಿಗೆ

ಇದನ್ನೆಲ್ಲ ಓದಿದ ಮೇಲೂ ನಿಮ್ಮ ಮನೆಗೊಂದು ತೊಟ್ಟಿ ಬೇಕೆನಿಸಿದರೆ, ಕೊಳ್ಳುವ ಮುನ್ನ ಕೆಲವು ಮಾತು. ಮೀನು ಕಡಿಮೆಯಿದ್ದಷ್ಟೂ ಪಾಚಿ ಕಡಿಮೆ. 100 ಲೀಟರಿಗೆ ಒಂದು ಜೋಡಿ ಕ್ಲೌನ್ ಮೀನು, ಜೊತೆಗೊಂದು ಪುಟ್ಟ ಮೀನು ಸಾಕು. ಹವಳ ತರಬೇಡಿ. ಕಲ್ಲು ಹವಳಗಳನ್ನೂ ಕಡಲ್ಗುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಕಡಲಿನಿಂದ ಹಿಡಿದ ಮೀನಿಗಿಂತ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನನ್ನೇ ಕೇಳಿ. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗುವುದು ನಿಮಗೆ ತಿಳಿದಿರಬಹುದು. ಆ ದ್ವೀಪಗಳಲ್ಲೊಂದಾದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋದಿಂದ ತರಬೇತಿ ಪಡೆದ ಮಹಿಳೆಯರು ಅಕ್ವೇರಿಯಂನ ಅಲಂಕಾರಿಕ ಸಿಗಡಿಗಳನ್ನು ಸಾಕಿ ಆದಾಯ ಕಂಡುಕೊಂಡಿದ್ದಾರೆ. ನೀರಿನ ಉಪ್ಪು ಅಳೆಯುವುದು, ಫಿಲ್ಟರ್ ನೋಡಿಕೊಳ್ಳುವುದು ಹೆಂಗಸರಿಗಾಗದ ಕೆಲಸ ಎನ್ನುವವರಿಗೆ ಇದೇ ಉತ್ತರ.

ಸಾಕಲು ಸಾಧ್ಯವೇ ಇಲ್ಲವೆನಿಸಿದರೆ ನಾಚಿಕೆ ಬೇಡ. ಚೆನ್ನಾಗಿ ಸಾಕುವವರಿಗೆ ಕೊಟ್ಟುಬಿಡಿ. ಬಾವಿಗೋ ಹೊಳೆಗೋ ಕಡಲಿಗೋ ಬಿಡಬೇಡಿ. ಸಿಹಿನೀರಿನಲ್ಲಿ ಅವು ಬದುಕವು, ಕಡಲಿಗೆ ರೋಗ ಒಯ್ಯಬಹುದು.

ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಒಂದು ಸಣ್ಣ ಹಕ್ಕಿಯಿತ್ತು. ಅದು ಸತ್ತಾಗ ಮಂಕಾಗಿ ಕುಳಿತಿದ್ದ ಆ ಬಾಲಕನನ್ನು ಪ್ರವಾದಿ(ಸ)ರು ಹಕ್ಕಿಯ ಬಗ್ಗೆ ಕೇಳಿ ಅಕ್ಕರೆಯಿಂದ ಮಾತನಾಡಿಸಿದರು. ಮಕ್ಕಳು ಜೀವಿಯೊಂದನ್ನು ಸಾಕಿ ಸಂತೋಷಪಡುವುದಕ್ಕೆ ಅಭ್ಯಂತರವಿಲ್ಲ ಎಂದು ವಿದ್ವಾಂಸರು ಈ ಘಟನೆಯಿಂದ ತಿಳಿದುಕೊಂಡಿದ್ದಾರೆ. ಆದರೆ ಆ ಸಂತೋಷದ ಜೊತೆ ಒಂದು ಅಮಾನತ್ತೂ ಬರುತ್ತದೆ.

ಈ ವಾರ ನೀರು ಬದಲಿಸುವಾಗ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮಗನ ಕೈಗೆ ಬಕೆಟ್ ಕೊಡಿ, ಮಗಳಿಗೆ ಹೈಡ್ರೋಮೀಟರ್ ಓದಲು ಹೇಳಿ. ಹಠ ಮಾಡಿ ತರಿಸಿಕೊಂಡ ಜೀವವನ್ನು ಕಾಪಾಡುವುದೂ ತಮ್ಮದೇ ಕೆಲಸವೆಂದು ಅವರು ಕಲಿಯಲಿ. ಇದನ್ನು ಕಲಿತರೆ ತೊಟ್ಟಿಗೆ ಸುರಿದ ಹಣ ವ್ಯರ್ಥವಾಗಲಿಲ್ಲ.